ಅಟ್ಟದಿಂದ ಇಳಿದ ಪೆಟ್ಟಿಗೆ

ಹೋದ ತಿಂಗಳು ನಮ್ಮ ಮನೆಯ ಸಂಪಿನ ಬಾಯಲ್ಲಿ ಕೂತು ಫುಟ್‌ವಾಲ್ವ್ ಸರಿಮಾಡುತ್ತಿದ್ದ ಪ್ಲಂಬರ್ ಕೈಯಿಂದ ಸ್ಪ್ಯಾನರ್ ಜಾರಿ ನೀರಿಗೆ ಬಿತ್ತು. ಏಳಡಿ ಆಳ. ನಲ್ಲಿ ನೀರು ಬಂದು ಸಂಪು ತುಂಬಿದ ದಿನವೇ ಆಗಿದ್ದರಿಂದ ಖಾಲಿ ಮಾಡುವ ಮಾತೇ ಇರಲಿಲ್ಲ. ಅಜ್ಜನ ಮನೆಯಲ್ಲಿ ಬಾವಿಗೆ ಕೊಡ ಬಿದ್ದರೆ ಕೇರಿಯಲ್ಲಿ ಯಾರದೋ ಮನೆಯಿಂದ ಪಾತಾಳಗರಡಿ ಎರವಲು ತಂದು, ಅದರ ಹತ್ತಾರು ಕೊಕ್ಕೆಗಳನ್ನು ನೀರಿನಡಿ ಆಡಿಸಿ ಎತ್ತುತ್ತಿದ್ದರು. ನಾನು ಒಳಗೆ ಹೋಗಿ, ನೈಲಾನ್ ಹಗ್ಗದ ತುದಿಗೆ ಕಟ್ಟಿಟ್ಟಿದ್ದ ಬಿಸ್ಕತ್ತಿನಷ್ಟು ಗಾತ್ರದ ಲೋಹದ ತುಂಡೊಂದನ್ನು ತಂದು ಇಳಿಬಿಟ್ಟೆ. ಎರಡನೇ ಸಲಕ್ಕೆ ಹಗ್ಗದಲ್ಲಿ ‘ಟಕ್’ ಎಂದದ್ದು ಕೈಗೆ ತಿಳಿಯಿತು. ಸ್ಪ್ಯಾನರ್ ಮೇಲೆ ಬಂತು. ಅದನ್ನು ಬಿಡಿಸಿಕೊಳ್ಳಲು ಆತ ಎರಡೂ ಕೈ ಹಾಕಿ ಎಳೆಯಬೇಕಾಯಿತು.

‘ಏನ್ ಸಾರ್ ಇದು, ಎಲ್ಲಿ ಸಿಗುತ್ತೆ?’ ಎಂದು ಕೇಳಿದ.

ಕೆಟ್ಟುಹೋದ ಹಾರ್ಡ್ ಡಿಸ್ಕಿನಲ್ಲಿ ಸಿಗುತ್ತದೆ. ಅಟ್ಟದ ಮೇಲೆ ಹಳೆಯ ಕಂಪ್ಯೂಟರ್ ಇರುವ ಪ್ರತಿ ಮನೆಯಲ್ಲೂ ಇಂಥವು ಎರಡಾದರೂ ಇರುತ್ತವೆ.

ಡೆಸ್ಕ್‌ಟಾಪ್ ಕಂಪ್ಯೂಟರಿನ ಮೂರೂವರೆ ಇಂಚಿನ ಹಾರ್ಡ್ ಡಿಸ್ಕನ್ನು ಒಮ್ಮೆಯಾದರೂ ಬಿಚ್ಚಿ ನೋಡಬೇಕು. ಮುಚ್ಚಳದ ಸ್ಕ್ರೂಗಳಿಗೆ ನಕ್ಷತ್ರದಾಕಾರದ ತಲೆ ಇರುತ್ತದೆ. ಟಿ-8 ಎಂಬ ಟಾರ್ಕ್ಸ್ ಬಿಟ್ ಬೇಕು, ಮೊಬೈಲ್ ರಿಪೇರಿ ಸೆಟ್ಟಿನಲ್ಲಿ ಇದ್ದೇ ಇರುತ್ತದೆ. ಕಾಣುವ ಸ್ಕ್ರೂ ಎಲ್ಲ ತೆಗೆದರೂ ಮುಚ್ಚಳ ಮಿಸುಕದಿದ್ದರೆ ಲೇಬಲ್ ಮೇಲೆ ಬೆರಳಾಡಿಸಿ. ಎಲ್ಲಿ ತಗ್ಗು ಸಿಗುತ್ತದೋ ಅಲ್ಲೊಂದು ಸ್ಕ್ರೂ ಅಡಗಿರುತ್ತದೆ. ಮುಚ್ಚಳ ಎದ್ದಾಗ ಕಾಣುವುದು ಕನ್ನಡಿಯಷ್ಟು ನುಣುಪಾದ ತಟ್ಟೆ, ಅದರ ಮೇಲೆ ಚಾಚಿದ ಸಣ್ಣ ತೋಳು. ತೋಳಿನ ಬಾಲದ ತುದಿಯಲ್ಲಿ ತಾಮ್ರದ ತಂತಿಯ ಸುರುಳಿ. ಆ ಸುರುಳಿಯ ಮೇಲೊಂದು ಕೆಳಗೊಂದು, ಅರ್ಧಚಂದ್ರದ ಆಕಾರದ ಎರಡು ಆಯಸ್ಕಾಂತಗಳು. ಸುರುಳಿಗೆ ಕರೆಂಟು ಹರಿದಾಗ ತೋಳನ್ನು ಅತ್ತಿಂದಿತ್ತ ಎಸೆಯುವುದು, ಕೂದಲೆಳೆಗಿಂತ ಸೂಕ್ಷ್ಮವಾದ ಗೆರೆಯ ಮೇಲೆ ತಂದು ನಿಲ್ಲಿಸುವುದು, ಅದನ್ನು ಸೆಕೆಂಡಿಗೆ ಹತ್ತಾರು ಸಲ ಮಾಡುವುದು ಇವುಗಳ ಕೆಲಸ. ಅಷ್ಟು ಚಿಕ್ಕ ಜಾಗದಲ್ಲಿ ಅಷ್ಟು ಬಲ ಬೇಕೆಂದೇ ಇಲ್ಲಿ ನಿಯೋಡಿಮಿಯಮ್, ಕಬ್ಬಿಣ, ಬೋರಾನ್ ಸೇರಿದ ಆಯಸ್ಕಾಂತ ಹಾಕುತ್ತಾರೆ. 1980ರ ದಶಕದ ಮೊದಲ ವರ್ಷಗಳಲ್ಲಿ ಜಪಾನಿನ ಸುಮಿಟೊಮೊ, ಅಮೆರಿಕದ ಜನರಲ್ ಮೋಟರ್ಸ್ ಬೇರೆ ಬೇರೆಯಾಗಿ ಕಂಡುಹಿಡಿದ ವಸ್ತು ಇದು.

ಬಹಳ ಮಂದಿ ಮಾಡುವ ತಪ್ಪೆಂದರೆ ಆಯಸ್ಕಾಂತವನ್ನು ಅದು ಅಂಟಿಕೊಂಡ ಉಕ್ಕಿನ ತಗಡಿನಿಂದ ಮೀಟಿ ಎಬ್ಬಿಸುವುದು. ಅದು ಪಿಂಗಾಣಿಯಂತೆ ಪೆಡಸು, ಮುರಿಯುತ್ತದೆ. ಮೇಲಿನ ನಿಕಲ್ ಲೇಪ ಕಿತ್ತುಬಂದರೆ ಮಳೆಗಾಲ ಕಳೆಯುವುದರೊಳಗೆ ತುಕ್ಕು ಹಿಡಿದು ಪುಡಿಯಾಗುತ್ತದೆ. ತಗಡಿನ ಸಮೇತವೇ ಇಟ್ಟುಕೊಳ್ಳಿ. ಹಿಂದಕ್ಕೆ ಹೋಗುವ ಸೆಳೆತವನ್ನೂ ಆ ತಗಡು ಮುಂದಕ್ಕೆ ತಿರುಗಿಸಿ ಕೊಡುತ್ತದೆ. ಅದರಲ್ಲಿ ಸ್ಕ್ರೂಗೆ, ಹಗ್ಗಕ್ಕೆ ಬೇಕಾದ ತೂತುಗಳೂ ಸಿದ್ಧ ಇರುತ್ತವೆ. ನಮ್ಮ ಅಡುಗೆಮನೆಯ ಗೋಡೆಯಲ್ಲಿ ತೆಳು ತೇಗದ ಪಟ್ಟಿಯ ಹಿಂದೆ ಇಂಥ ನಾಲ್ಕು ತುಂಡುಗಳಿವೆ. ಮೂರು ಚಾಕು, ಒಂದು ಕತ್ತರಿ ಅಲ್ಲೇ ಅಂಟಿಕೊಂಡಿರುತ್ತವೆ. ಒಲೆಯ ಹತ್ತಿರ ಮಾತ್ರ ಬೇಡ. 80 ಡಿಗ್ರಿ ದಾಟಿದರೆ ಸಾಮಾನ್ಯ ದರ್ಜೆಯ ನಿಯೋಡಿಮಿಯಮ್ ಕಸುವು ಕಳೆದುಕೊಳ್ಳುತ್ತದೆ. ಚಿಕ್ಕ ಮಕ್ಕಳ ಕೈಗೆ, ಎದೆಯಲ್ಲಿ ಪೇಸ್‌ಮೇಕರ್ ಇರುವವರ ಬಳಿಗೆ ಇವನ್ನು ಕೊಡಲೇಬಾರದು. ಇನ್ನು, ಸಂಪಿಗೆ ಬಿದ್ದದ್ದು ತಾಮ್ರದ ತಂಬಿಗೆಯೋ ಹಿತ್ತಾಳೆ ಬೀಗದ ಕೈಯೋ ಆಗಿದ್ದರೆ ಈ ಆಯಸ್ಕಾಂತ ಅದನ್ನು ಮುಟ್ಟಿಯೂ ನೋಡುವುದಿಲ್ಲ. ಅದಕ್ಕೆ ಅಜ್ಜನ ಕಾಲದ ಪಾತಾಳಗರಡಿಯೇ ಬೇಕು.

ಹಳೆಯ ಕಂಪ್ಯೂಟರ್ ಬಿಡಿಭಾಗಗಳಿಂದ ಏನು ಮಾಡಬಹುದು ಎಂದರೆ ಜನ ಮೊದಲು ತೋರಿಸುವುದು ರ‍್ಯಾಮ್ ಕಡ್ಡಿಯ ಕೀಚೈನು, ಮದರ್‌ಬೋರ್ಡಿನ ಗಡಿಯಾರ, ಕೀಬೋರ್ಡ್ ಗುಂಡಿಗಳ ಫೋಟೋ ಚೌಕಟ್ಟು. ಅವನ್ನು ಮಾಡುವ ಮಕ್ಕಳ ಉತ್ಸಾಹ ನನಗೆ ಇಷ್ಟವೇ. ಆದರೆ ಎರಡು ವರ್ಷಕ್ಕೆ ಆ ಗಡಿಯಾರ ಧೂಳು ಹಿಡಿದು ಮತ್ತೆ ಅಟ್ಟ ಸೇರುತ್ತದೆ. ಆ ಬಿಡಿಭಾಗ ಯಾವ ಗುಣಕ್ಕಾಗಿ ಹುಟ್ಟಿತೋ ಆ ಗುಣಕ್ಕೆ ಅಲ್ಲಿ ಕೆಲಸವಿಲ್ಲ. ಆಯಸ್ಕಾಂತ ಹಿಡಿಯಬೇಕು, ಫ್ಯಾನು ಗಾಳಿ ಎಳೆಯಬೇಕು, ಎಸ್‌ಎಂಪಿಎಸ್ ಹದವಾದ ವಿದ್ಯುತ್ ಕೊಡಬೇಕು. ಗುಜರಿಯಲ್ಲಿ ಯಾವುದನ್ನು ಕೈಗೆತ್ತಿಕೊಂಡರೂ ನಾನು ಮೊದಲು ಕೇಳಿಕೊಳ್ಳುವುದು ಇದನ್ನೇ: ಇದರ ಗುಣ ಏನು, ನಮ್ಮ ಮನೆಯಲ್ಲಿ ಆ ಗುಣ ಎಲ್ಲಿ ಬೇಕಾಗಿದೆ?

ಅದಕ್ಕೂ ಮೊದಲು ಒಂದು ವಿನಂತಿ. ಇಡೀ ಯಂತ್ರ ನಡೆಯುತ್ತಿದ್ದರೆ ಅದನ್ನು ಬಿಚ್ಚಬೇಡಿ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ನಿಂತಿತು. ವಿಂಡೋಸ್ 11 ಕೇಳುವ ಟಿಪಿಎಂ 2.0 ಭದ್ರತಾ ಚಿಪ್, ಹೊಸ ಪ್ರೊಸೆಸರ್ ಇಲ್ಲ ಎನ್ನುವ ಒಂದೇ ಕಾರಣಕ್ಕೆ ಗಟ್ಟಿಮುಟ್ಟಾದ ಯಂತ್ರಗಳು ಗುಜರಿಗೆ ಹೋಗುತ್ತಿವೆ. ತಿರುಗುವ ಡಿಸ್ಕ್ ತೆಗೆದು ಒಂದು ಎಸ್‌ಎಸ್‌ಡಿ ಹಾಕಿ, ಲುಬುಂಟು ಅಥವಾ ಡೆಬಿಯನ್‌ನಂಥ ಲಿನಕ್ಸ್ ಕೂರಿಸಿದರೆ ಹದಿನೈದು ವರ್ಷದ ಯಂತ್ರವೂ ಪತ್ರ ಬರೆಯಲು, ಪತ್ರಿಕೆ ಓದಲು, ಪಾಟೀಚೀಲದ ವಯಸ್ಸಿನ ಹುಡುಗರಿಗೆ ಕನ್ನಡ ಟೈಪಿಂಗ್ ಕಲಿಸಲು ಧಾರಾಳವಾಗಿ ಸಾಕು. ಬಿಚ್ಚುವ ಮಾತು ಬರುವುದು ಅದೂ ಆಗದೆ ಹೋದಾಗ.

ಬಿಚ್ಚಿದಾಗ ಸಿಗುವುದರಲ್ಲಿ ನನ್ನ ಮಟ್ಟಿಗೆ ಎಲ್ಲಕ್ಕಿಂತ ಬೆಲೆಬಾಳುವುದು ಕಂಪ್ಯೂಟರಿಗೆ ವಿದ್ಯುತ್ ಒದಗಿಸುವ ಪೆಟ್ಟಿಗೆ, ಎಸ್‌ಎಂಪಿಎಸ್. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಹಳೆಯವನ್ನು ಇಟ್ಟಿಗೆಯಂತೆ ಜೋಡಿಸಿಟ್ಟಿರುತ್ತಾರೆ. ನಾನು ಕೈಯಲ್ಲಿ ತೂಗಿ ನೋಡುತ್ತೇನೆ. ಭಾರವಾಗಿದ್ದರೆ ಒಳಗೆ ದಪ್ಪ ಸುರುಳಿ, ದೊಡ್ಡ ಹೀಟ್‌ಸಿಂಕ್ ಇರುವ ಸಂಭವ ಹೆಚ್ಚು. ಹಗುರವಾಗಿದ್ದರೆ ಲೇಬಲ್ ಮೇಲೆ ಎಷ್ಟು ವ್ಯಾಟ್ ಬರೆದಿದ್ದರೂ ನಂಬುವುದಿಲ್ಲ. 1995ರಲ್ಲಿ ಇಂಟೆಲ್ ರೂಪಿಸಿದ ಎಟಿಎಕ್ಸ್ ಮಾದರಿ ಇದು, ತಂತಿಯ ಬಣ್ಣಗಳು ಬಹುತೇಕ ಎಲ್ಲದರಲ್ಲೂ ಒಂದೇ: ಹಳದಿ 12 ವೋಲ್ಟ್, ಕೆಂಪು 5, ಕಿತ್ತಳೆ 3.3, ಕಪ್ಪು ನೆಗೆಟಿವ್. ದೊಡ್ಡ ಕನೆಕ್ಟರಿನಲ್ಲಿ ಹಸಿರು ತಂತಿ ಒಂದೇ ಒಂದು ಇರುತ್ತದೆ. ಅದನ್ನು ಪಕ್ಕದ ಕಪ್ಪಿಗೆ ಒಂದು ತುಂಡು ತಂತಿಯಿಂದ ಸೇರಿಸಿದರೆ ಮದರ್‌ಬೋರ್ಡ್ ಇಲ್ಲದೆಯೂ ಎಸ್‌ಎಂಪಿಎಸ್ ಎಚ್ಚರಗೊಳ್ಳುತ್ತದೆ. ಎಲ್‌ಇಡಿ ಪಟ್ಟಿ, ಕಾರಿನ ಸ್ಟೀರಿಯೋ, 12 ವೋಲ್ಟಿನ ಪುಟ್ಟ ಪಂಪು, ಮಕ್ಕಳ ವಿಜ್ಞಾನದ ಮಾದರಿ, ಎಲ್ಲಕ್ಕೂ ಒಂದೇ ಪೆಟ್ಟಿಗೆ.

ಹಳೆಯ ಎಸ್‌ಎಂಪಿಎಸ್‌ಗಳಲ್ಲಿ 5 ವೋಲ್ಟಿನ ಕಡೆ ಹೊರೆ ಇಲ್ಲದಿದ್ದರೆ 12 ವೋಲ್ಟ್ ಹದ ತಪ್ಪುತ್ತದೆ. ಕೆಂಪು–ಕಪ್ಪಿನ ನಡುವೆ 10 ಓಮ್, 10 ವ್ಯಾಟಿನ ಬಿಳಿ ಸಿಮೆಂಟ್ ರೆಸಿಸ್ಟರ್ ಒಂದನ್ನು ಹಾಕಿದರೆ ಎರಡೂವರೆ ವ್ಯಾಟ್ ಅಲ್ಲಿ ಖರ್ಚಾಗಿ ಉಳಿದದ್ದು ಸ್ಥಿರವಾಗುತ್ತದೆ. ಬಿಸಿಯಾಗುತ್ತದೆ, ಪ್ಲಾಸ್ಟಿಕ್ ತಾಗದಂತೆ ಕೂರಿಸಿ. ಹೊರಗೆ ಬರುವ ಪ್ರತಿ ತಂತಿಗೂ ಕಾರಿನಲ್ಲಿ ಬಳಸುವ ಫ್ಯೂಸ್ ಹಾಕಿ. ಈ ಪೆಟ್ಟಿಗೆ ಹದಿನೈದು ಆಂಪಿಯರನ್ನು ಹಿಂದೆ ಮುಂದೆ ನೋಡದೆ ಕೊಟ್ಟುಬಿಡುತ್ತದೆ; ಸಣ್ಣ ತಂತಿ ಶಾರ್ಟ್ ಆದರೆ ಕೆಂಪಗೆ ಕಾದು ಉರಿಯುತ್ತದೆ. ಎಸ್‌ಎಂಪಿಎಸ್‌ನ ತಗಡಿನ ಮುಚ್ಚಳ ಮಾತ್ರ ತೆಗೆಯಬೇಡಿ. ಪ್ಲಗ್ ಕಿತ್ತ ಮೇಲೂ ಒಳಗಿನ ಕೆಪಾಸಿಟರುಗಳಲ್ಲಿ ಮುನ್ನೂರು ವೋಲ್ಟ್ ಮೀರಿದ ಪೆಟ್ಟು ಕಾದು ಕೂತಿರುತ್ತದೆ.

ಇನ್ನೊಂದು ವಸ್ತು ನನ್ನನ್ನು ಬೆರಗುಗೊಳಿಸಿದ್ದು. ತಂಗಿಯ ಮನೆಯಲ್ಲಿ ಗಾಜು ಬಿರಿದ 17 ಇಂಚಿನ ಮಾನಿಟರ್ ಇತ್ತು. ಚಿತ್ರ ಮೂಡಿಸುವ ಗಾಜನ್ನು ತೆಗೆದಿಟ್ಟರೆ ಅದರ ಹಿಂದೆ ಹಾಲುಬಿಳುಪಿನ ಹಾಳೆಗಳು, ಅವುಗಳ ಹಿಂದೆ ದಪ್ಪ ಅಕ್ರಿಲಿಕ್ ಹಲಗೆ. ಆ ಹಲಗೆಯನ್ನು ಬೆಳಕಿಗೆ ಓರೆಯಾಗಿ ಹಿಡಿದು ನೋಡಿ. ಬೆನ್ನ ಮೇಲೆ ಸಾವಿರಾರು ಬಿಳಿ ಚುಕ್ಕಿಗಳಿವೆ, ರಂಗೋಲಿಗೆ ಇಟ್ಟ ಚುಕ್ಕಿಯಷ್ಟು ಶಿಸ್ತಾಗಿ. ದೀಪ ಇರುವ ಅಂಚುಗಳ ಬಳಿ ಸಣ್ಣವು, ವಿರಳ. ನಡುವಿಗೆ ಬಂದಂತೆ ದೊಡ್ಡವು, ಒತ್ತೊತ್ತು. ಅಂಚಿನಿಂದ ಒಳಹೊಕ್ಕ ಬೆಳಕು ಚುಕ್ಕಿಗೆ ತಾಗಿದಲ್ಲೆಲ್ಲ ಮುಂದಕ್ಕೆ ಚೆಲ್ಲುತ್ತದೆ. ದೀಪದ ಹತ್ತಿರ ಬೆಳಕು ಹೆಚ್ಚು, ಚುಕ್ಕಿ ಕಡಿಮೆ. ದೂರದಲ್ಲಿ ಬೆಳಕು ಕಡಿಮೆ, ಚುಕ್ಕಿ ಹೆಚ್ಚು. ಹಾಗಾಗಿ ಇಡೀ ಹಲಗೆ ಒಂದೇ ಸಮನೆ ಬೆಳಗುತ್ತದೆ. ಇಂಥ ಲೆಕ್ಕಾಚಾರದ ವಸ್ತುವನ್ನು ಕಸಕ್ಕೆ ಹೇಗೆ ಹಾಕುವುದು? ಹಳೆಯ ಮಾನಿಟರುಗಳ ಅಂಚಿನಲ್ಲಿ ಪೆನ್ಸಿಲಿಗಿಂತ ಸಪೂರದ ಟ್ಯೂಬ್‌ಲೈಟ್ ಇರುತ್ತವೆ, ಒಳಗೆ ಪಾದರಸ ಇದೆ, ಒಡೆಯದಂತೆ ತೆಗೆದಿಡಬೇಕು. ಆ ಜಾಗಕ್ಕೆ 12 ವೋಲ್ಟಿನ ಬಿಳಿ ಎಲ್‌ಇಡಿ ಪಟ್ಟಿ ಅಂಟಿಸಿ ಹಾಳೆಗಳನ್ನು ಅದೇ ಕ್ರಮದಲ್ಲಿ ಹೊದಿಸಿದೆ. ತಂಗಿಯ ಹೊಲಿಗೆ ಮೆಷಿನ್ನು ಇರುವ ಕೋಣೆಗೆ ಕಿಟಕಿಯಿಲ್ಲ. ಈಗ ಅಲ್ಲಿ ಗೋಡೆಯ ಮೇಲೆ ಮೋಡ ಕವಿದ ಹಗಲಿನಂಥ ಬೆಳಕಿದೆ, ಸೂಜಿಯ ಕಣ್ಣಿಗೆ ನೆರಳು ಬೀಳುವುದಿಲ್ಲ.

ಹಳೆಯ ವೆಬ್‌ಕ್ಯಾಮ್ ಇದ್ದರೆ ಅದರ ಲೆನ್ಸನ್ನು ತಿರುವಿ ಬಿಚ್ಚಿ, ಹಿಂದುಮುಂದಾಗಿ ಕೂರಿಸಿ. ಅದು ಸೂಕ್ಷ್ಮದರ್ಶಕವಾಗುತ್ತದೆ. ಟೆರೇಸಿನ ಮೆಣಸಿನ ಗಿಡಕ್ಕೆ ಮುಟುರು ಬಂದಾಗ ನಾನು ಎಲೆಯ ಅಡಿಭಾಗವನ್ನು ಹಾಗೆ ನೋಡಿದೆ. ಎಲೆ ದೋಣಿಯಂತೆ ಮೇಲಕ್ಕೆ ಮಡಚಿದ್ದರೆ ಥ್ರಿಪ್ಸ್, ಮಗುಚಿದ ದೋಣಿಯಂತೆ ಕೆಳಕ್ಕೆ ಮಡಚಿದ್ದರೆ ಮೈಟ್ ನುಸಿ ಎನ್ನುತ್ತಾರೆ. ನನ್ನ ಗಿಡದ್ದು ಕೆಳಕ್ಕೆ ಮಡಚಿತ್ತು. ಬರಿಗಣ್ಣಿಗೆ ಏನೂ ಇಲ್ಲದ ಎಲೆಯ ನರದ ಪಕ್ಕದಲ್ಲಿ ಅರೆಪಾರದರ್ಶಕ ಹುಳಗಳು ಪರದೆಯ ತುಂಬ ಓಡಾಡಿದವು.

ಈ ಅಂಕಣವನ್ನು ನಾನು ಟೈಪ್ ಮಾಡುತ್ತಿರುವುದೂ ಗುಜರಿಯಿಂದ ತಂದ ಟಿವಿಎಸ್ ಗೋಲ್ಡ್ ಕೀಬೋರ್ಡಿನಲ್ಲಿ. ಡಿಟಿಪಿ ಅಂಗಡಿಗಳಲ್ಲಿ ಇದರ ಟಕಟಕ ಕೇಳಿ ಬೆಳೆದವರಿಗೆ ವಿವರಿಸಬೇಕಿಲ್ಲ. ಪ್ರತಿ ಗುಂಡಿಯ ಕೆಳಗೂ ಜರ್ಮನಿಯ ಚೆರಿ ಕಂಪನಿಯ ಪ್ರತ್ಯೇಕ ಸ್ವಿಚ್ಚು, ಪ್ರತಿ ಸ್ವಿಚ್ಚಿಗೂ ತನ್ನದೇ ಸ್ಪ್ರಿಂಗು. ಕೆ.ಪಿ. ರಾವ್ ಅವರ ಕನ್ನಡ ಕೀಲಿಮಣೆ ವಿನ್ಯಾಸದಲ್ಲಿ ಒತ್ತಕ್ಷರಕ್ಕೆ ಎಫ್ ಗುಂಡಿಯನ್ನು ಮತ್ತೆ ಮತ್ತೆ ಒತ್ತಬೇಕಾಗುತ್ತದೆ. ಒತ್ತಿದ್ದು ಬಿತ್ತೋ ಇಲ್ಲವೋ ಎಂಬುದನ್ನು ಪರದೆ ನೋಡದೆ ಬೆರಳೇ ಹೇಳುವ ಕೀಬೋರ್ಡ್ ಕನ್ನಡ ಬರೆಯುವವರಿಗೆ ಎಂಥ ನೆಮ್ಮದಿ ಎಂಬುದು ಬಳಸಿದವರಿಗೇ ಗೊತ್ತು. ಹಳೆಯ ದುಂಡು ಪಿಎಸ್/2 ಪಿನ್ನಿನದಾದರೆ ಯುಎಸ್‌ಬಿಗೆ ಬದಲಿಸುವ ಪರಿವರ್ತಕ ಬೇಕು. ಬರೀ ಪಿನ್ ಬದಲಿಸುವ ಪುಟ್ಟ ಹಸಿರು–ನೇರಳೆ ತುಂಡು ಕೆಲಸ ಮಾಡುವುದಿಲ್ಲ, ಒಳಗೆ ಚಿಪ್ ಇರುವ, ಎರಡು ಬಾಲದ ಪರಿವರ್ತಕ ಕೇಳಿ ತನ್ನಿ.

ಮನೆಯಲ್ಲಿ ಎರಡನೇ ಕೆಲಸ ಕೊಡಲಾಗದ ವಸ್ತುಗಳೂ ಇವೆ. ಮದರ್‌ಬೋರ್ಡು ಅಂಥದ್ದು. ಅದರಲ್ಲಿ ಚಿನ್ನ ಇದೆ ಎಂದು ಆಸಿಡ್ಡಿನಲ್ಲಿ ಅದ್ದುವ, ತಾಮ್ರಕ್ಕಾಗಿ ವೈರು ಸುಡುವ ವಿಡಿಯೊಗಳನ್ನು ನೋಡಿ ಯಾರೂ ಕೈಹಾಕಬಾರದು. ಆ ಹೊಗೆ, ಆ ನೀರು ಪಕ್ಕದ ಮನೆಯ ಕೂಸಿನ ಮೈ ಸೇರುತ್ತದೆ. ದಾಬಸ್‌ಪೇಟೆಯ ಇ-ಪರಿಸರ ಸಂಸ್ಥೆ 2005ರ ಹೊತ್ತಿಗೇ ದೇಶದಲ್ಲಿ ಮೊದಲಾಗಿ ಇ-ತ್ಯಾಜ್ಯ ಸಂಸ್ಕರಣೆ ಶುರುಮಾಡಿತು. ಈಗ ಅಧಿಕೃತ ಸಂಸ್ಕರಣಾಗಾರಗಳು ಹಲವು ಇವೆ. ಬೋರ್ಡುಗಳು ಹೋಗಬೇಕಾದ್ದು ಅಲ್ಲಿಗೆ. ಪಿಕ್ಚರ್ ಟ್ಯೂಬಿನ ಹಳೆಯ ಮಾನಿಟರೂ ಅಷ್ಟೇ, ಹಿಂಬದಿಯ ಮುಚ್ಚಳ ತೆಗೆಯದೆ ಹಾಗೇ ಕೊಟ್ಟುಬಿಡಿ.

ಲ್ಯಾಪ್‌ಟಾಪ್ ಬ್ಯಾಟರಿಯ ವಿಷಯದಲ್ಲಿ ನನಗೆ ಬಹಳ ಆಸೆ ಇದೆ, ಅಷ್ಟೇ ಅಂಜಿಕೆಯೂ ಇದೆ. ‘ಸತ್ತ’ ಬ್ಯಾಟರಿಯೊಳಗೆ ಸಾಮಾನ್ಯವಾಗಿ ಆರು ಸೆಲ್‌ಗಳಿದ್ದು, ಕೈಕೊಟ್ಟಿರುವುದು ಒಂದೆರಡು ಮಾತ್ರ ಆಗಿರುತ್ತದೆ. 2014ರಲ್ಲಿ ಐಬಿಎಂನ ಭಾರತದ ಸಂಶೋಧಕರು ಎಸೆದ ಲ್ಯಾಪ್‌ಟಾಪ್ ಬ್ಯಾಟರಿಗಳನ್ನು ಪರೀಕ್ಷಿಸಿ, ಅವುಗಳಲ್ಲಿ ನೂರಕ್ಕೆ 70ರಷ್ಟು ಒಂದು ಎಲ್‌ಇಡಿ ದೀಪವನ್ನು ದಿನಕ್ಕೆ ನಾಲ್ಕು ತಾಸಿಗಿಂತ ಹೆಚ್ಚು, ಒಂದು ವರ್ಷ ಉರಿಸಬಲ್ಲವು ಎಂದು ಕಂಡುಕೊಂಡರು. ಅವುಗಳಿಂದ ಮಾಡಿದ ಸಾಧನಕ್ಕೆ ‘ಉರ್‌ಜಾರ್’ ಎಂದು ಹೆಸರಿಟ್ಟು, ಬೆಂಗಳೂರಿನಲ್ಲೇ ಸರಿಯಾದ ಕರೆಂಟಿಲ್ಲದ ಕೆಲವರ ಕೈಗೆ ಕೊಟ್ಟು ನೋಡಿದರು. ಒಳ್ಳೆಯ ಕೆಲಸ. ಆದರೆ ಅವರು ಪ್ರತಿ ಸೆಲ್ಲನ್ನೂ ಅಳೆದು, ಅತಿಯಾಗಿ ತುಂಬದಂತೆ ತಡೆಯುವ ಸರ್ಕ್ಯೂಟ್ ಹಾಕಿ ಮಾಡಿದ್ದು. 4.2 ವೋಲ್ಟ್ ದಾಟಿ ತುಂಬಿದ, ಇಲ್ಲವೇ ಸ್ಕ್ರೂಡ್ರೈವರ್ ಚುಚ್ಚಿದ ಲಿಥಿಯಂ ಸೆಲ್ಲಿನ ಬೆಂಕಿ ಆರಿಸಲು ಬಲು ಕಷ್ಟ. ನಾನು ಮನೆಯಲ್ಲಿ ಅದನ್ನು ಬಿಚ್ಚುವುದಿಲ್ಲ, ಓದುಗರಿಗೂ ಬಿಚ್ಚಿ ಎನ್ನುವುದಿಲ್ಲ.

ಇಷ್ಟೆಲ್ಲ ತೆಗೆದ ಮೇಲೆ ಉಳಿಯುವುದು, ಜನ ‘ಸಿಪಿಯು’ ಎಂದು ಕರೆಯುವ ಆ ಖಾಲಿ ಕಬ್ಬಿಣದ ಪೆಟ್ಟಿಗೆ. ಅದನ್ನು ನಾನು ವರ್ಷಗಟ್ಟಲೆ ತೂಕಕ್ಕೆ ಹಾಕುತ್ತಿದ್ದೆ. ಮನಸ್ಸು ಬದಲಾದದ್ದು ಶಿರಸಿಯ ಅಕ್ಕನಿಂದ.

ಅಕ್ಕ ತರಕಾರಿ ಬೀಜ ಕಾಯ್ದಿಡುವವಳು. ಮೊಗೆಕಾಯಿ, ಹೀರೆ, ಬದನೆ, ಅವರೆ, ಯಾವುದನ್ನೂ ಅಂಗಡಿಯಿಂದ ತರುವುದಿಲ್ಲ. ಅಮ್ಮನ ಕಾಲದಲ್ಲಿ ಮಳೆಗಾಲದ ಬೀಜವನ್ನು ಬೂದಿ ಸವರಿ, ಒಲೆಯ ಮೇಲಿನ ಅಟ್ಟದಲ್ಲಿ ಇಡುತ್ತಿದ್ದರು. ಹದವಾದ ಬಿಸಿ, ಸದಾ ಆಡುವ ಗಾಳಿ, ಹೊಗೆಗೆ ಹುಳ ಹತ್ತುತ್ತಿರಲಿಲ್ಲ. ಗ್ಯಾಸ್ ಒಲೆ ಬಂದ ಮೇಲೆ ಆ ಅಟ್ಟ ತಣ್ಣಗಾಯಿತು. ‘ಹೀರೆ ಬೀಜ ಈ ಸಲವೂ ಬೂಸಲು ಹಿಡೀತು ತಮ್ಮಾ, ಆಷಾಢ ಮುಗಿಯೋತನಕ ಎಲ್ಲಿ ಒಣಗಿಸೋದು?’ ಎಂದು ಫೋನಿನಲ್ಲಿ ಹೇಳಿದಾಗ ನನ್ನ ಎದುರಿಗೆ ಒಂದು ಕ್ಯಾಬಿನೆಟ್ ಬಾಯಿ ತೆರೆದು ಕೂತಿತ್ತು.

ಅದರ ಗುಣ ಗಾಳಿಯ ದಾರಿ. ಮುಂದಿನ ಕೆಳಗಿನಿಂದ ತಣ್ಣನೆಯ ಗಾಳಿ ಒಳಬಂದು, ಬಿಸಿಯನ್ನು ಹೊತ್ತು, ಹಿಂದಿನ ಮೇಲಿನಿಂದ ಹೊರಹೋಗಲಿ ಎಂದೇ ಆ ತೂತುಗಳನ್ನೆಲ್ಲ ಕೊರೆದಿರುತ್ತಾರೆ. ಬಿಸಿಯಾಗುವ ಪ್ರೊಸೆಸರ್ ಇದ್ದ ಜಾಗದಲ್ಲಿ ಒದ್ದೆ ಬೀಜ ಇಟ್ಟರೆ? ಸಿಡಿ ಡ್ರೈವ್ ಕೂರುವ ಗೂಡು 146 ಮಿ.ಮೀ. ಅಗಲ. ಆ ಅಳತೆಗೆ ಮರದ ಚೌಕಟ್ಟು ಮಾಡಿ ಸ್ಟೀಲ್ ಜಾಲರಿ ಹೊಡೆದರೆ ಸರಾಗ ಜಾರುವ ತಟ್ಟೆಯಾಯಿತು. ಮದರ್‌ಬೋರ್ಡ್ ಇದ್ದ ಖಾಲಿ ಗೋಡೆಗೆ ಇನ್ನೆರಡು ದೊಡ್ಡ ತಟ್ಟೆ. ಎಸ್‌ಎಂಪಿಎಸ್ ಅದರ ಜಾಗದಲ್ಲೇ ಇದೆ, ಹಸಿರು–ಕಪ್ಪು ತಂತಿ ಶಾಶ್ವತವಾಗಿ ಸೇರಿಸಿ ಬೆಸುಗೆ ಹಾಕಿದ್ದೇನೆ. ಮುಂದಿನ ಪವರ್ ಗುಂಡಿ ಇಲ್ಲಿ ಉಪಯೋಗಕ್ಕಿಲ್ಲ, ಒತ್ತಿ ಬಿಟ್ಟರೆ ಅದು ನಿಲ್ಲುವುದಿಲ್ಲ. ಎಸ್‌ಎಂಪಿಎಸ್‌ನ ಬೆನ್ನಲ್ಲಿರುವ ಸ್ವಿಚ್ಚೇ ಸಾಕು. 12 ಸೆಂಟಿಮೀಟರಿನ ಫ್ಯಾನನ್ನು 12 ವೋಲ್ಟಿಗೆ ಕೊಡದೆ 5 ವೋಲ್ಟಿನ ಕೆಂಪು ತಂತಿಗೆ ಕೊಟ್ಟೆ. ಸದ್ದಿಲ್ಲದೆ, ನಿಧಾನಕ್ಕೆ ತಿರುಗುತ್ತದೆ.

ಅಕ್ಕನ ಮನೆಯಲ್ಲಿಟ್ಟ ಮೊದಲ ವಾರ ಸೋತೆ. ಶಿರಸಿಯ ಜುಲೈ ಗಾಳಿಯೇ ನೀರು ಕುಡಿದಿರುತ್ತದೆ. ಅದನ್ನು ಎಷ್ಟು ಬೀಸಿದರೂ ಬೀಜ ಒಣಗಲಿಲ್ಲ. ಆಮೇಲೆ ಒಲೆಯ ಮೇಲಿನ ಅಟ್ಟದ ಗುಟ್ಟು ಹೊಳೆಯಿತು. ಗಾಳಿಯನ್ನು ಒಂದಿಷ್ಟು ಬೆಚ್ಚಗಾಗಿಸಿದರೆ ಅದಕ್ಕೆ ಮತ್ತೆ ತೇವ ಹೀರುವ ಬಾಯಾರಿಕೆ ಬರುತ್ತದೆ. ಮುಂದಿನ ಪ್ಲಾಸ್ಟಿಕ್ ಮುಖವಾಡ ಕಿತ್ತು, ಕೆಳಗೆ ಪಿಂಗಾಣಿ ಹೋಲ್ಡರಿನಲ್ಲಿ 40 ವ್ಯಾಟಿನ ಹಳೆಯ ಕಾಲದ ತಂತಿಬಲ್ಬು ಹಾಕಿದೆ, ಪೆಟ್ಟಿಗೆಗೆ ಅರ್ಥಿಂಗ್ ಕೊಟ್ಟೆ. ಒಳಗಿನ ಗಾಳಿ ಹೊರಗಿನದಕ್ಕಿಂತ ಐದಾರು ಡಿಗ್ರಿ ಏರಿತು. ಬೀಜಕ್ಕೆ 40 ಡಿಗ್ರಿ ದಾಟಬಾರದು, ಮೊಳಕೆಯ ಜೀವ ಹೋಗುತ್ತದೆ. ಅದಕ್ಕೆ ಒಂದು ಥರ್ಮಾಮೀಟರ್ ಒಳಗೇ ತೂಗುಬಿಟ್ಟಿದ್ದೇನೆ. ನಾಲ್ಕನೇ ದಿನ ಅಕ್ಕ ಫೋನ್ ಮಾಡಿ, ಮೊಗೆಕಾಯಿಯ ಬೀಜವೊಂದನ್ನು ಕಿವಿಯ ಹತ್ತಿರ ಹಿಡಿದು ಮುರಿದಳು. ‘ಕೇಳ್ತಾ?’ ಎಂದಳು. ಬಾಗದೆ, ‘ಟಪ್’ ಎಂದು ಮುರಿದದ್ದು ನನಗೆ ಇಲ್ಲಿಗೂ ಕೇಳಿಸಿತು.

ಈಗ ಅವಳ ಓರಗಿತ್ತಿಗೂ ಒಂದು ಬೇಕಂತೆ. ಒಳಗಿನದು ತೆರೆಯದೆ ಕಾಣುವ ಹಾಗೆ ಬಾಗಿಲಿಗೆ ಗಾಜು ಹಾಕಿಕೊಡು ಎಂದಿದ್ದಾಳೆ. ಗಾಜು ಬಸ್ಸಿನ ಕುಲುಕಾಟಕ್ಕೆ ಒಡೆದೀತು. ಮೊನ್ನೆ ಎಸ್.ಪಿ. ರಸ್ತೆಯಲ್ಲಿ ಇನ್ನೊಂದು ಬಿರಿದ ಮಾನಿಟರ್ ಸಿಕ್ಕಿತು. ಅದರ ಅಕ್ರಿಲಿಕ್ ಹಲಗೆಯನ್ನು ಬಾಗಿಲಿನ ಅಳತೆಗೆ ಕೊಯ್ದಿಟ್ಟಿದ್ದೇನೆ. ಬೆನ್ನಿನ ಚುಕ್ಕಿಗಳನ್ನು ಉಜ್ಜಿ ತೆಗೆದು ಮೆರುಗು ಕೊಟ್ಟರೆ, ಶುಕ್ರವಾರ ರಾತ್ರಿಯ ಶಿರಸಿ ಬಸ್ಸಿಗೆ ಹಾಕಬಹುದು.